ಬೀಗಕ್ಕೆ ಕೈಯೋ ಕಿವಿಯೋ

ಆ ಶುಕ್ರವಾರ ಮಾಡಿದ ಕೆಲಸ ಇಷ್ಟು. ನಲ್ಲಿ ಬಂದಿತ್ತು, ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯವರೆಗೂ ನೀರು ಹಿಡಿದೆ. ಹೊಸ್ತಿಲು ತೊಳೆದು ಎರಡೆಳೆ ರಂಗೋಲಿ ಬಿಟ್ಟೆ. ಚಿತ್ರಾನ್ನ ಕಲೆಸಿ ಅತ್ತೆಗೊಂದು ಡಬ್ಬಿ, ನಮ್ಮನೆಯವರಿಗೊಂದು, ನನಗೊಂದು ಎಂದು ಹಾಕಿಟ್ಟೆ. ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಅಂಗಡಿಯ ಷಟರ್ ಎತ್ತಿ, ಊದುಕಡ್ಡಿ ಹಚ್ಚಿ, ಟೇಬಲ್ಲು ಒರೆಸಿದೆ. ಮೇಷ್ಟರೊಬ್ಬರ ಲ್ಯಾಪ್‌ಟಾಪಿನ ಫ್ಯಾನ್ ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆದೆ. ದಿನಸಿ ಅಂಗಡಿಯವರ ಕೀಬೋರ್ಡ್ ಬದಲಾಯಿಸಿದೆ. ಹಳೆಯದರ ಸಂದಿಯಲ್ಲಿ ಒಂದು ಚಿಟಿಕೆ ಜೀರಿಗೆ ಸಿಕ್ಕಿತು. ಬಾಕಿ ಉಳಿದಿದ್ದ ಇನ್ನೆರಡು ಕಂಪ್ಯೂಟರಿಗೆ ಸುರಕ್ಷತೆಯ ಅಪ್‌ಡೇಟ್ ಹಚ್ಚಿ, ಅವು ಗಿರಗಿರ ತಿರುಗುತ್ತಿರಲಿ ಎಂದು ಬಿಟ್ಟು ಟೀ ಲೋಟ ಕೈಗೆತ್ತಿಕೊಂಡೆ.

ಆ ಟೀ ಕುಡಿಯಲಾಗಲಿಲ್ಲ. ತೋವಿನಕೆರೆಯ ಕಸೂತಿಯವಳು ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಟವೆಲಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಅವಳು ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ ಇಟ್ಟುಕೊಂಡು ಮದುವೆ ಬ್ಲೌಸಿಗೆ ಕಸೂತಿ ಹಾಕುವವಳು. ಎಲ್ಲರೂ ಬೇರೆಯವರ ಡಿಸೈನನ್ನು ಇಳಿಸಿಕೊಂಡು ಹೊಲಿದರೆ, ಇವಳು ಎಲೆ, ಕಾಯಿ, ಬಳ್ಳಿ ಎಲ್ಲವನ್ನೂ ತಾನೇ ಲ್ಯಾಪ್‌ಟಾಪಿನಲ್ಲಿ ಬರೆದು, ಪೆನ್‌ಡ್ರೈವಿಗೆ ಹಾಕಿ, ಮಿಷನ್ನಿಗೆ ಕೊಡುತ್ತಿದ್ದಳು.

"ಅಕ್ಕ, ಬೆಳಿಗ್ಗೆ ಆನ್ ಮಾಡ್ದೆ, ನೀಲಿ ಬಂದ್ಬುಡ್ತು. ಏನೋ ಕೀ ಕೇಳ್ತೈತೆ. ನಮ್ಮತ್ರ ಯಾವ್ ಕೀ ಐತೆ?"

ಟವೆಲು ಬಿಚ್ಚಿದರೆ ಅದರೊಳಗೆ ಒಂದು ಕೆಂಪು ರೇಷ್ಮೆ ಬ್ಲೌಸ್ ಬಟ್ಟೆಯೂ ಇತ್ತು. ಎರಡು ತೋಳಿನ ಕಸೂತಿ ಮುಗಿದಿತ್ತು. ಹುಣಸೆ ಎಲೆ, ಚಿನ್ನದ ದಾರದಲ್ಲಿ, ಒಂದೊಂದು ಎಸಳೂ ಎಣಿಸುವ ಹಾಗೆ. ನಡುವೆ ಬೆನ್ನಿನ ಭಾಗ ಬೋಳು.

"ಬ್ಯಾಕ್ ನೆಕ್ ಬಾಕಿ ಐತಕ್ಕ. ಸಿರಾದ ಮದುವಣಗಿತ್ತಿದು. ನಾಳೆ ಸಾಯಂಕಾಲ ಆರತಕ್ಷತೆ. ಬೆನ್ನೇ ಅಲ್ವ ಎಲ್ಲಾರೂ ನೋಡೋದು? ಅದರ ಫೈಲು ಇದರೊಳಗೇ ಐತೆ. ನಾಕು ವರ್ಷದಿಂದ ಬರ್ದಿದ್ದೆಲ್ಲಾ ಇದರೊಳಗೇ ಐತೆ."

"ಬೇರೆ ಕಡೆ ಕಾಪಿ?"

"ಪೆನ್‌ಡ್ರೈವಲ್ಲಿ ತೋಳಿಂದು ಮಾತ್ರ ಐತೆ. ಒಂದು ಹಾಕ್ದಾಗ ಇನ್ನೊಂದು ಅಳಿಸ್ತಿದ್ದೆ."

ಬೈಯೋಣ ಅನ್ನಿಸಿತು. ಅವಳ ಮುಖ ನೋಡಿ ಬೈಗುಳ ನುಂಗಿಕೊಂಡು ಸ್ಟೂಲು ಎಳೆದು ಕೂರಿಸಿದೆ.

ಪರದೆ ನೋಡಿದೆ. ನಲವತ್ತೆಂಟು ಅಂಕಿಯ ರಿಕವರಿ ಕೀ ಕೇಳುತ್ತಿತ್ತು. ಇದು ವೈರಸ್ ಅಲ್ಲ, ಕೆಟ್ಟಿದ್ದೂ ಅಲ್ಲ. ಈಗಿನ ಲ್ಯಾಪ್‌ಟಾಪಿನಲ್ಲಿ ಡಿಸ್ಕಿಗೆ ಒಂದು ಬೀಗ ಇರುತ್ತದೆ, ಕದ್ದವನಿಗೆ ಒಳಗಿನದು ಸಿಗಬಾರದು ಎಂದು. ಅದರ ಕೀ ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿರುತ್ತದೆ. ದಿನಾ ಬೆಳಿಗ್ಗೆ ಅದೇ ಸದ್ದಿಲ್ಲದೆ ಬಾಗಿಲು ತೆಗೆಯುತ್ತದೆ, ನಮಗೆ ಬೀಗ ಇರುವುದೇ ಗೊತ್ತಾಗುವುದಿಲ್ಲ. ಅಪ್‌ಡೇಟ್ ಬಂದು, ಕಂಪ್ಯೂಟರನ್ನು ಎಬ್ಬಿಸುವ ಬುಡದ ಸೆಟ್ಟಿಂಗ್ ಏನಾದರೂ ಕದಲಿಸಿದರೆ ಆ ಚಿಪ್ಪಿಗೆ ಅನುಮಾನ. "ಯಾರೋ ಕೈಯಾಡಿಸಿದ್ದಾರೆ, ಯಜಮಾನರೇ ಬಂದು ಕೀ ಕೊಡಲಿ" ಎಂದು ಹಟ ಹಿಡಿಯುತ್ತದೆ.

"ಅಪ್‌ಡೇಟ್ ಬಂದಿತ್ತಾ?"

"ಆರು ತಿಂಗಳಿಂದ ಬತ್ತಾನೇ ಐತೆ. 'ಆಮೇಲೆ ನೆನಪಿಸು' ಅಂತ ಒತ್ತಿ ಒತ್ತಿ ಕಳಿಸ್ತಿದ್ದೆ. ನೆನ್ನೆ ರಾತ್ರಿ ತೋಳು ಮುಗೀತಲ್ಲ, ಖುಷೀಲಿ ಹೋಗ್ಲಿ ಪಾಪ ಅಂತ ಒಪ್ಕೊಂಡೆ."

"ಅಂತೂ ಒಂದಿನ ಒಳ್ಳೇ ಹುಡುಗಿ ಆಗೋಕೆ ಹೋದೆ."

"ಅದೇ ತಪ್ಪಾಯ್ತು ನೋಡಿ."

ಮೊದಲು ಸುಲಭದ್ದೆಲ್ಲಾ ಮಾಡಿ ನೋಡಿದೆ. ಬುಡದ ಸೆಟ್ಟಿಂಗಿಗೆ ಹೋಗಿ ದಿನಾಂಕ ಸರಿಯಿದೆಯಾ ನೋಡಿದೆ, ಸರಿಯಿತ್ತು. ಅಲ್ಲಿ ಸುರಕ್ಷತೆಯ ಒಂದು ಗುಂಡಿ ಆಫ್ ಆಗಿತ್ತು. ಆನ್ ಮಾಡಿ ಮತ್ತೆ ಎಬ್ಬಿಸಿದೆ. ನೀಲಿ. ಹಿಂಬದಿ ಬಿಚ್ಚಿ ಬ್ಯಾಟರಿ ವೈರು ಕಿತ್ತು, ಉಳಿದ ಕರೆಂಟು ಇಳಿಯಲಿ ಎಂದು ಪವರ್ ಗುಂಡಿ ಒತ್ತಿ ಹಿಡಿದು, ಮತ್ತೆ ಜೋಡಿಸಿದೆ. ನೀಲಿ. ಡಿಸ್ಕನ್ನೇ ಹೊರಗೆ ತೆಗೆದು ಕೇಬಲ್ ಹಾಕಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಬಂತು, ಆದರೆ ಅದರ ಚಿತ್ರದ ಮೇಲೊಂದು ಹಳದಿ ಬೀಗ. ಡಿಸ್ಕು ಗಟ್ಟಿಮುಟ್ಟಾಗಿದೆ, ಡಿಸೈನುಗಳೆಲ್ಲ ಅಲ್ಲೇ ಇವೆ, ಗಾಜಿನ ಬೀರುವಿನೊಳಗೆ ಇಟ್ಟ ಹಾಗೆ. ಬೀಗ ಒಡೆಯುವ ದಾರಿ ಮಾತ್ರ ಯಾರ ಹತ್ತಿರವೂ ಇಲ್ಲ. ಇಲ್ಲದಿರುವುದೇ ಅದರ ಗುಣ.

"ಇದನ್ನ ಮೊದ್ಲು ಸೆಟ್ ಮಾಡಿಕೊಟ್ಟಿದ್ದು ಯಾರು?"

"ನಮ್ಮಣ್ಣನ ಹೆಂಡ್ತಿ. ಪಾವಗಡದೋರು. ಅವರದೇ ಇದು, ಹೊಸದು ತಗೊಂಡ್ಮೇಲೆ ನನಗೆ ಕೊಟ್ರು."

ಕೀ ಸಾಮಾನ್ಯವಾಗಿ ಮೊದಲು ಸೆಟ್ ಮಾಡಿದವರ ಇಮೇಲ್ ಖಾತೆಯಲ್ಲಿ ಕೂತಿರುತ್ತದೆ. ಖಾತೆ ಅತ್ತಿಗೆಯದು, ವಿಳಾಸ ಇವಳಿಗೆ ಗೊತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ, ಗುರುತಿನ ಅಂಕಿಯನ್ನು ಅತ್ತಿಗೆಯ ಹಳೆಯ ಫೋನ್ ನಂಬರಿಗೆ ಕಳಿಸುತ್ತೇನೆ ಎಂದಿತು. ಆ ಸಿಮ್ಮು ಹೋಗಿ ಎಷ್ಟೋ ಕಾಲವಾಗಿದೆ ಎಂದಳು. ಸರಿ, ಅವರಿಗೇ ಫೋನು ಮಾಡು ಅಂದೆ. ಅವಳು ಬಾಗಿಲಿಗೆ ಹೋಗಿ, ಒಂದು ಕಿವಿ ಮುಚ್ಚಿಕೊಂಡು ಮಾತಾಡಿದಳು. ನನಗೆ ಕೇಳಿದ್ದು ಇವಳ ಮಾತು ಮಾತ್ರ.

"ಅತ್ತಿಗೇ, ಎಲ್ಲಿದ್ದೀರಾ? ಬಸ್ಸಲ್ಲಾ? ನೀವ್ ಕೊಟ್ಟ ಲ್ಯಾಪ್‌ಟಾಪು ಆನ್ ಆಗ್ತಾ ಇಲ್ಲ. ಹಾಂ? ಕಿವಿ ವಾಸಿ ಆಯ್ತು ಅತ್ತಿಗೆ, ಆವಾಗ್ಲೇ ಆಯ್ತು, ಅವ್ವ ಚೆನ್ನಾಗವಳೆ. ನಾನ್ ಹೇಳ್ತಿರೋದು ಲ್ಯಾಪ್‌ಟಾಪಿನ್ ವಿಷ್ಯ. ಹಲೋ? ಹಲೋ?"

ಲೈನು ಕಟ್ಟಾಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ಗೊರವನಹಳ್ಳಿ ದೇವಸ್ಥಾನಕ್ಕೆ ಹೊರಟಿದ್ದಾರಂತೆ, ದಾರಿಯಲ್ಲಿ ಗುಡ್ಡದ ಮರೆ.

"ಏನಂದ್ರು?"

"ಅವ್ವನ್ ಕಿವಿ ವಿಚಾರಿಸಿದ್ರು. ಆಗೊಂದ್ಸಲ ಸೋರ್ತಿತ್ತು. ಎಷ್ಟೊಂದು ನೆನಪು ನೋಡಿ ಅವರಿಗೆ. ಬೇರೆ ಏನೂ ಕೇಳಿಸಲಿಲ್ಲ."

ಅಷ್ಟರಲ್ಲಿ ಸಿರಾದಿಂದ ಮದುವಣಗಿತ್ತಿಯ ತಾಯಿಯ ಫೋನು. ಇವಳು "ಆಗ್ತಾ ಐತೆ ಆಂಟಿ, ದಾರ ಬದಲಾಯಿಸ್ತಿದ್ದೀನಿ" ಎಂದು ಸುಳ್ಳು ಹೇಳಿ, ಫೋನು ಇಟ್ಟು, ನನ್ನ ಟೇಬಲ್ಲಿನ ಮೇಲೆ ಎರಡೂ ಕೈ ಊರಿದಳು.

"ಅಕ್ಕ, ಅಳಿಸ್ಬುಡಿ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬುಡಿ. ಇಲ್ಲೇ ಕೂತು ಬ್ಯಾಕ್ ನೆಕ್ ಮತ್ತೆ ಬರೀತೀನಿ."

"ಮೊದಲನೇ ಸಲ ಬರೆಯೋಕೆ ಎಷ್ಟು ಹೊತ್ತು ಹಿಡೀತು?"

"ಹದಿನೈದು ದಿನ." ತಾನು ಹೇಳಿದ್ದು ತನಗೇ ಕೇಳಿಸಿದಂತೆ ಬೋಳು ಬೆನ್ನಿನ ಬಟ್ಟೆ ಸವರಿದಳು. "ಸಣ್ಣದಾಗಿ ಬರೀತೀನಿ. ಎರಡು ಎಲೆ, ಒಂದು ಕಾಯಿ. ಏನೋ ಒಂದು."

ಅಳಿಸುವುದು ನನಗೆ ನಾಲ್ಕು ಗುಂಡಿಯ ಕೆಲಸ. ಎಷ್ಟೋ ಜನ ಹಾಗೆ ಹೇಳಿದ್ದಾರೆ, ನಾನು ಹಾಗೇ ಮಾಡಿಕೊಟ್ಟಿದ್ದೇನೆ. ಅವರಿಗೆ ಕಂಪ್ಯೂಟರ್ ಓಡಿದರೆ ಸಾಕಿತ್ತು. ಇವಳದು ಹಾಗಲ್ಲ. ತೋಳಿನ ಮೇಲಿನ ಆ ಎಲೆ ನೋಡಿದೆ. ಹುಣಸೆ ಎಸಳು ತುದಿಗೆ ಹೋಗುತ್ತಾ ಹೇಗೆ ಚಿಕ್ಕದಾಗುತ್ತದೆ ಎಂದು ಮರದ ಕೆಳಗೆ ಕೂತು ನೋಡಿದವರು ಮಾತ್ರ ಹಾಗೆ ಬರೆಯಬಲ್ಲರು. ಅವಸರದಲ್ಲಿ ಕೇಳಿದ ಮಾತಿಗೆ ನಾಲ್ಕು ವರ್ಷ ಒರೆಸಿಹಾಕಲು ನನ್ನ ಬೆರಳು ಏಳಲಿಲ್ಲ.

"ಇದನ್ನ ಮುಟ್ಟಲ್ಲ ಕಣಮ್ಮ" ಅಂದೆ. "ಈ ಡಿಸ್ಕು ಹಿಂಗೇ ಕವರಲ್ಲಿರಲಿ. ನನ್ನ ಡ್ರಾಯರಲ್ಲಿ ಒಂದು ಖಾಲಿ ಡಿಸ್ಕು ಐತೆ, ಅದನ್ನ ನಿನ್ನ ಲ್ಯಾಪ್‌ಟಾಪಿಗೆ ಹಾಕಿ ಹೊಸದಾಗಿ ಎಬ್ಬಿಸ್ತೀನಿ. ನೀನು ಎರಡೆಲೆ ಒಂದು ಕಾಯಿ ಬರೀತಿರು, ನಾನು ನಿಮ್ಮತ್ತಿಗೇನ ಹುಡುಕ್ತಿರ್ತೀನಿ."

ಖಾಲಿ ಡಿಸ್ಕು ಹಾಕಿದೆ. ಇನ್‌ಸ್ಟಾಲ್ ಓಡತೊಡಗಿತು. ಹಳೆಯ ಡಿಸ್ಕಿನ ಕವರಿನ ಮೇಲೆ "ತೋವಿನಕೆರೆ, ಮುಟ್ಟಬೇಡಿ" ಎಂದು ಬರೆದೆ. ಅಂಗಡಿಯಲ್ಲಿ ಮುಟ್ಟುವವಳು ನಾನೊಬ್ಬಳೇ, ಆದರೂ ಬರೆದೆ.

ಅವಳಿಗೆ ಎಲೆಯ ಅಳತೆ ಬೇಕಾಯಿತು. ಬೆನ್ನಿನ ಕಾಗದದ ಅಚ್ಚು ಸ್ಕೂಟರಿನ ಡಿಕ್ಕಿಯಲ್ಲಿತ್ತು. ತರಲು ಎದ್ದವಳು ತಡಕಾಡತೊಡಗಿದಳು. ಪರ್ಸಿನಲ್ಲಿಲ್ಲ, ಟವೆಲಿನಲ್ಲಿಲ್ಲ, ಸ್ಟೂಲಿನ ಕೆಳಗಿಲ್ಲ.

"ಅಕ್ಕ, ನನ್ನ ಗಾಡಿ ಬೀಗದ ಕೈ ನೋಡಿದ್ರಾ? ಇಲ್ಲೇ ಇಟ್ಟಿದ್ದೆ ಕೈಯ."

ಕೀ ನನ್ನ ಸ್ಕ್ರೂಡ್ರೈವರ್ ಡಬ್ಬಿಯೊಳಗೇ ಬಿದ್ದಿತ್ತು. ಎತ್ತಿ ಕೊಡಲು ಹೋದವಳು ಅಲ್ಲೇ ನಿಂತೆ. ಬೀಗದ ಕೈ. ನಮ್ಮ ಬೀಗಕ್ಕೆ ಕೈ ಇದೆ. ನಮ್ಮನೆಯವರ ಕೆಲಸದ ಮೇಲೆ ಪಾವಗಡದಲ್ಲಿ ಎರಡು ವರ್ಷ ಬಾಡಿಗೆಗಿದ್ದೆವು. ಮನೆ ಓನರಮ್ಮ ಊರಿಗೆ ಹೊರಟಾಗಲೆಲ್ಲ ಜಗಲಿಯಿಂದಲೇ ಕೂಗುತ್ತಿದ್ದರು, "ಅಮ್ಮಾ, ಬೀಗಂ ಚೆವಿ ಇಕ್ಕಡೇ ಪೆಡತಾ ಉಂಡಾ!" ಮೊದಲ ಸಲ "ಚೆವಿ" ಕೇಳಿ ನಾನು ಅವರ ಕಿವಿ ನೋಡಿದ್ದೆ. ಆಮೇಲೆ ಅರ್ಥವಾಯಿತು, ಬೀಗದ ಕೈ ಇಲ್ಲೇ ಇಡುತ್ತಿದ್ದೇನೆ ಎನ್ನುತ್ತಿದ್ದಾರೆ, ತೆಲುಗಿನವರ ಬೀಗಕ್ಕೆ ಇರುವುದು ಕೈಯಲ್ಲ, ಕಿವಿ.

"ಲೇ, ನಿಮ್ಮತ್ತಿಗೆ ಫೋನಲ್ಲಿ ಕಿವಿ ಅಂದ್ರಾ, ಚೆವಿ ಅಂದ್ರಾ?"

"ಚೆವಿ ಅಂದ್ರು. ತೆಲುಗಲ್ಲಿ ಕಿವಿಗೆ ಅಂಗೇ ತಾನೇ ಅನ್ನೋದು?"

"ಸರಿಯಾಗಿ ಏನಂದ್ರು ಹೇಳು."

"ಚೆವಿ ಅವತ್ತೇ ಕಳಿಸಿದ್ನಲ್ಲಮ್ಮಾ, ಅಂದಂಗಿತ್ತು. ಕಿವಿ ಹೆಂಗೆ ಕಳಿಸ್ತಾರೆ, ಕಿವಿಗೆ ಡ್ರಾಪ್ಸು ಕಳಿಸಿದ್ದು ಹೇಳ್ತಾವರೆ ಅಂದ್ಕೊಂಡೆ."

"ಲ್ಯಾಪ್‌ಟಾಪು ಕೊಟ್ಟಾಗ ಏನಾದ್ರೂ ಮೆಸೇಜು ಕಳಿಸಿದ್ರಾ?"

ಅವಳು ಯೋಚಿಸಿದಳು. "ವಾಯ್ಸ್ ಮೆಸೇಜು ಒಂದು ಬಂದಿತ್ತು. ಚೆವಿ ಜಾಗ್ರತ್ತಗಾ ಪೆಟ್ಟುಕೋ ಅಂತ ಶುರುವಾಯ್ತು. ಅವ್ವನ ಕಿವಿಗೆ ಪೆಟ್ಟು ಬೀಳದಂಗೆ ಜಾಗ್ರತೆ ಅಂತಾವರೆ ಅಂತ, ಪೂರಾ ಕೇಳ್ದೆ ಆಫ್ ಮಾಡ್ದೆ. ಅವತ್ತು ಅವ್ವಂಗೆ ಕಿವಿ ಸೋರ್ತಿತ್ತಲ್ಲ." ನನ್ನ ಮುಖ ನೋಡಿ ನಿಧಾನಕ್ಕೆ ಕೇಳಿದಳು, "ಪೆಟ್ಟುಕೋ ಅಂದ್ರೆ ಏನಕ್ಕ?"

"ಇಟ್ಟುಕೋ ಅಂತ. ಚೆವಿ ಅಂದ್ರೆ ಬೀಗದ ಕೈ. ಕೀನ ಜೋಪಾನವಾಗಿ ಇಟ್ಟುಕೋ ಅಂತ ಹೇಳವರೆ."

ಅವಳು ತಲೆ ಮೇಲೆ ಕೈಯಿಟ್ಟು ಸ್ಟೂಲಿನ ಮೇಲೆ ಕುಸಿದಳು. "ನಾನು ಅವ್ವನ ಕಿವಿಗೆ ಹತ್ತಿ ಇಟ್ಟೆನಲ್ಲಕ್ಕ!" ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಕೀ ಸಿಗಬಹುದು ಅನ್ನುವ ಆ ಗಳಿಗೆಯ ಖುಷಿ ಇನ್ನೂ ಹಳತಾಗಿಲ್ಲ.

ಇವಳ ಫೋನಿನಲ್ಲಿ ಆ ಮೆಸೇಜು ಉಳಿದಿರಲಿಲ್ಲ, ಜಾಗ ಸಾಲದೆಂದು ಅಳಿಸಿದ್ದಳು. ಅತ್ತಿಗೆಗೆ ಮತ್ತೆ ಮತ್ತೆ ಮಾಡಿದೆವು. ಕೊನೆಗೆ ಗೊರವನಹಳ್ಳಿಯಲ್ಲಿ ದರ್ಶನದ ಸಾಲಿನಿಂದ ಪಿಸುಮಾತಲ್ಲಿ ಎತ್ತಿಕೊಂಡರು. ಈ ಸಲ ಸ್ಪೀಕರ್ ಹಾಕಿಸಿದೆ.

"ಅತ್ತಿಗೆ, ಚೆವಿ ಬೇಕು. ಲ್ಯಾಪ್‌ಟಾಪಿನ್ ಚೆವಿ."

"ಅದೇ ಹೇಳಿದ್ನಲ್ಲಮ್ಮಾ ಬಸ್ಸಲ್ಲಿ! ನೀನು ನೋಡಿದ್ರೆ ಅತ್ತಮ್ಮನ ಕಿವಿ ಕತೆ ಚೆಪ್ತಾ ಕೂತೆ. ನಾನು ಅನ್ಕೊಂಡೆ, ಈ ಅಮ್ಮಾಯಿಗೆ ಏಮಾಯ್ತಪ್ಪಾ ಅಂತ."

"ಕೀ ಅನ್ನಬಾರದಿತ್ತಾ ಅತ್ತಿಗೆ?"

"ನಮ್ಮನೇಲಿ ಕಪಾಟಿಗೂ ಚೆವೀನೇ, ಗಾಡಿಗೂ ಚೆವೀನೇ. ಇರು, ಸಾಲು ಮುಂದಕ್ಕೆ ಹೋಗ್ತೈತಿ, ಆ ಮೆಸೇಜೇ ಮತ್ತೆ ಕಳಿಸ್ತೀನಿ."

ಮೆಸೇಜು ಬಂತು. ಅತ್ತಿಗೆ ಅಡುಗೆ ಮಾಡುತ್ತಲೇ ಪರದೆ ನೋಡಿ ಓದಿದ್ದರು ಅಂತ ಕಾಣುತ್ತೆ, ಹಿಂದೆ ಒಗ್ಗರಣೆ ಸದ್ದು. "ಅಮ್ಮಾಯ್, ಇದಿ ಚೆವಿ, ಜಾಗ್ರತ್ತಗಾ ಪೆಟ್ಟುಕೋ" ಅಂದು, ಒಂದೊಂದಾಗಿ ಅಂಕಿ. ಹೆಚ್ಚು ತೆಲುಗು, ನಡುನಡುವೆ ಕನ್ನಡ. ಸ್ವಲ್ಪ ಕೇಳುವುದು, ನಿಲ್ಲಿಸುವುದು, ಅವಳು ಕನ್ನಡದಲ್ಲಿ ಹೇಳುವುದು, ನಾನು ಕಾಗದದ ಮೇಲೆ ಆರಾರು ಅಂಕಿಯ ಗುಂಪು ಮಾಡಿ ಬರೆಯುವುದು. ಎಂಟು ಗುಂಪು ಬಂತು.

ಅವಳು "ಒತ್ತಿ ಅಕ್ಕ, ಒತ್ತಿ" ಎಂದು ಅವಸರ ಮಾಡಿದಳು. ನಾನು ಒತ್ತಲಿಲ್ಲ. ಈ ಕೀಗೆ ಒಂದು ಗುಟ್ಟಿದೆ. ಪ್ರತಿ ಆರಂಕಿಯ ಗುಂಪೂ ಹನ್ನೊಂದರಿಂದ ಪೂರ್ತಿ ಭಾಗವಾಗಬೇಕು, ಹಾಗೇ ಮಾಡಿಟ್ಟಿದ್ದಾರೆ. ಬರೆದುಕೊಳ್ಳುವಾಗ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಭಾಗಾಕಾರವೂ ಬೇಡ: ಒಂದು, ಮೂರು, ಐದನೇ ಅಂಕಿ ಕೂಡಿಸು, ಎರಡು, ನಾಲ್ಕು, ಆರನೇ ಅಂಕಿ ಕೂಡಿಸು. ಎರಡೂ ಒಂದೇ ಆಗಿರಬೇಕು, ಇಲ್ಲವೇ ಹನ್ನೊಂದೋ ಇಪ್ಪತ್ತೆರಡೋ ಅಂತರ ಇರಬೇಕು. ಮೊದಲ ಗುಂಪು ಸರಿ. ಎರಡು, ಮೂರು, ನಾಲ್ಕು ಸರಿ. ಐದನೆಯದು ಹೀಗಿತ್ತು: 321085. ಮೂರು, ಒಂದು, ಎಂಟು ಸೇರಿ ಹನ್ನೆರಡು. ಎರಡು, ಸೊನ್ನೆ, ಐದು, ಏಳು. ತಾಳೆಯಾಗಲಿಲ್ಲ.

"ಇದನ್ನ ಮತ್ತೆ ಹಾಕು."

ಮತ್ತೆ ಹಾಕಿದಳು. ತೆಲುಗಿನ ಮೂರು, "ಮೂಡು" ಅಂದ ಮೇಲೆ ಸರಿಯಾಗಿ ಅಲ್ಲೇ ಕುಕ್ಕರ್ ಕೂಗಿತ್ತು. ಸೀಟಿಯ ಒಳಗಿಂದ ಎಂಥದೋ "...ಡು" ಎಂದು ಕೇಳಿಸಿತು.

"ಎಲ್ಡು ಅಂದ್ರಲ್ಲಕ್ಕ" ಅಂದಳು. ನಮ್ಮ ಕಡೆ ಎರಡಕ್ಕೆ ಎಲ್ಡು ಅನ್ನುವುದು.

"ನಿಮ್ಮತ್ತಿಗೆ ಎಲ್ಡು ಅಂತಾರಾ?"

"ಕನ್ನಡ ಮಾತಾಡೋವಾಗ ಎರಡು ಅಂತಾರೆ. ತೆಲುಗಲ್ಲಾದ್ರೆ ರೆಂಡು."

"ಮತ್ತೆ ಇದು ಏಡು ಅಲ್ವೇನೆ? ತೆಲುಗಿನ ಏಳು?"

ಎರಡು ಹೊಡೆದು ಏಳು ಬರೆದೆ. ಏಳು, ಸೊನ್ನೆ, ಐದು, ಹನ್ನೆರಡು. ಹನ್ನೆರಡಕ್ಕೆ ಹನ್ನೆರಡು. ನಾನು ಪೆನ್ನನ್ನು ಟೇಬಲ್ಲಿಗೆ ಕುಟ್ಟಿದೆ. ಉಳಿದ ಮೂರು ಗುಂಪೂ ಸರಿಬಂದವು. (ಆ ಅಂಕಿಗಳನ್ನು ಇಲ್ಲಿ ಬರೆದರೆ ಅಪಾಯವಿಲ್ಲ. ಫೋನಿನಲ್ಲಿ ಓಡಾಡಿದ ಕೀ ಎಂದು ಅವತ್ತೇ ಸಂಜೆ ಬದಲಾಯಿಸಿಬಿಟ್ಟೆ.)

ಅರ್ಧ ಆಗಿದ್ದ ಇನ್‌ಸ್ಟಾಲ್ ನಿಲ್ಲಿಸಿ, ಖಾಲಿ ಡಿಸ್ಕು ತೆಗೆದು, ಅವಳ ಡಿಸ್ಕು ಮತ್ತೆ ಕೂರಿಸಿ ಸ್ಕ್ರೂ ಬಿಗಿದೆ. ನೀಲಿ ಪರದೆ ಬಂತು. ಈಗ ಅದರ ಮೇಲೆ ಸಿಟ್ಟಿರಲಿಲ್ಲ, ಬಾಗಿಲಲ್ಲಿ ನಿಂತು ಯಾರೆಂದು ಕೇಳುವ ಅಜ್ಜಿಯ ಹಾಗೆ ಕಂಡಿತು. ಒಂದೊಂದು ಗುಂಪಾಗಿ ಒತ್ತಿದೆ. ಅವಳು ಓದಿ ಹೇಳಿದಳು, ತೆಲುಗಲ್ಲೇ, ಹಟಕ್ಕೆ ಬಿದ್ದವಳಂತೆ. ಕೊನೆಯ ಅಂಕಿ ಆಯಿತು. ಪರದೆ ಕಪ್ಪಾಯಿತು, ಚುಕ್ಕೆಗಳು ತಿರುಗಿದವು. ಆಮೇಲೆ ಅವಳು ಮುಖಪುಟಕ್ಕೆ ಹಾಕಿಕೊಂಡಿದ್ದ ಹುಣಸೆ ಮರದ ಫೋಟೊ ಬಂತು.

ಅವಳು ಫೈಲಿನ ಕಡೆ ಬೆರಳು ಚಾಚಿದಳು. ಕೈ ಹಿಡಿದೆ. ಮೊದಲು ಕಾಪಿ. ಡಿಸೈನುಗಳನ್ನೆಲ್ಲಾ ಡ್ರಾಯರಿನ ಆ ಖಾಲಿ ಡಿಸ್ಕಿಗೇ ಇಳಿಸಿದೆ. ಅದು ಮುಗಿಯುವವರೆಗೆ ಬೇರೆ ಏನೂ ಮುಟ್ಟಕೂಡದು. ಆಮೇಲೆ ಪೆನ್‌ಡ್ರೈವಿಗೆ ಬ್ಯಾಕ್ ನೆಕ್. ತೆರೆದು ತೋರಿಸಿದಳು. ಕುತ್ತಿಗೆಯ ಸುತ್ತ ಹುಣಸೆ ಕೊಂಬೆ, ಬೆನ್ನ ನಡುವೆ ಒಂದಕ್ಕೊಂದು ತಾಗಿ ನೇತಾಡುವ ಕಾಯಿಗಳು. ಮದುವಣಗಿತ್ತಿ ನಡೆದರೆ ಅವು ಅಲ್ಲಾಡಬೇಕು ಎನ್ನುವ ಹಾಗೆ ಬರೆದಿದ್ದಳು.

"ಇನ್ಮೇಲೆ ಅಪ್‌ಡೇಟೇ ಬ್ಯಾಡಕ್ಕ. ಕಿತ್ತಾಕ್ಬುಡಿ."

"ಹಾಲು ಉಕ್ಕಿತು ಅಂತ ಒಲೆ ಕಿತ್ತಾಕ್ತಾರೇನೆ? ಆರು ತಿಂಗಳದು ಒಟ್ಟಿಗೆ ಬಂದಿದ್ದಕ್ಕೆ ಇಷ್ಟು ರಾದ್ಧಾಂತ. ಬಂದಂಗೆ ಬಂದಂಗೆ ಹಾಕ್ಕೊಂಡಿದ್ರೆ ನಾನೂ ನೀನೂ ಇವತ್ತು ಟೀ ಕುಡೀಬಹುದಿತ್ತು."

"ಈಗ ಕುಡಿಯಾಣ ಬುಡಿ."

"ಈಗ ಹೊರಡು ನೀನು. ಲ್ಯಾಪ್‌ಟಾಪು ಇಲ್ಲೇ ಇರಲಿ, ಉಳಿದ ಅಪ್‌ಡೇಟು ಪೂರ್ತಿ ಮಾಡಿ, ನಿನ್ನ ಹೆಸರಲ್ಲೇ ಖಾತೆ ತೆಗೆದು, ಹೊಸ ಕೀ ಮಾಡಿಡ್ತೀನಿ. ಮಿಷನ್ನಿಗೆ ಪೆನ್‌ಡ್ರೈವ್ ಸಾಕಲ್ಲ."

ಪೆನ್‌ಡ್ರೈವನ್ನು ತಾಳಿಸರಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಂಡು, ಕೆಂಪು ಬಟ್ಟೆ ಮಡಚಿ ಎದೆಗೆ ಅವಚಿಕೊಂಡು ಹೊರಟಳು. ಆಚೆ ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು. ನಾನು ಡಬ್ಬಿ ಬಿಚ್ಚಿ ತಣ್ಣಗಾದ ಚಿತ್ರಾನ್ನವನ್ನು ನಿಂತೇ ತಿಂದೆ, ಕೂರಲು ಮನಸ್ಸಾಗಲಿಲ್ಲ. ಆ ದಿನ ಆಮೇಲೆ ಬಂದವರಿಗೆಲ್ಲ ಹನ್ನೊಂದರ ಲೆಕ್ಕ ಹೇಳಿದೆ. ಮೌಸ್ ಕೊಳ್ಳಲು ಬಂದಿದ್ದ ಒಬ್ಬರು ಪೂರ್ತಿ ಕೇಳಿ, "ಅಂದ್ರೆ ಮೌಸಿಗೂ ಕೀ ಬೇಕಾ?" ಎಂದು ಕೇಳಿದರು.

ಸಂಜೆ ಅತ್ತಿಗೆ ದರ್ಶನ ಮುಗಿಸಿ ನನಗೇ ಫೋನು ಮಾಡಿದರು. ನಂಬರು ನಾದಿನಿಯಿಂದ ತೆಗೆದುಕೊಂಡಿದ್ದರು. "ಅಕ್ಕಾ, ನಮ್ಮ ಅಮ್ಮಾಯಿ ಅತ್ತಳಾ?" ಅಂದರು. ಅಳಲಿಲ್ಲ, ನಕ್ಕಳು ಅಂದೆ. "ಅಳು ಬಂದ್ರೂ ಆಕೆ ನಗೋದೇ" ಅಂದರು. ಹೊಸ ಕೀಯನ್ನು ಯಾವ ಭಾಷೆಯಲ್ಲಿ ಹೇಳಿಕೊಡಬೇಕು ಎಂದೂ ಕೇಳಿದರು.

ರಾತ್ರಿ ಅತ್ತೆ ಮಾಡಿದ ಮುದ್ದೆ, ಅವರೆಕಾಳಿನ ಸಾರು, ಬದಿಗೆ ಒಂದು ಹಸಿ ಈರುಳ್ಳಿ. ಉಣ್ಣುತ್ತಿರುವಾಗ ಫೋಟೊ ಬಂತು. ಕೆಂಪು ರೇಷ್ಮೆಯ ಬೆನ್ನು ತುಂಬಾ ಹುಣಸೆ. ಅತ್ತೆ ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು ನೋಡಿ, "ಕಾಯಿ ಇನ್ನೂ ಹಸೀದು ಕಣಮ್ಮ, ತೊಟ್ಟು ಗಟ್ಟಿಯಾಗೈತೆ" ಎಂದು ಹೇಳಿ ಮತ್ತೆ ಮುದ್ದೆ ಮುರಿದರು. ನಮ್ಮನೆಯವರಿಗೆ ಐದನೇ ಗುಂಪಿನವರೆಗೆ ಹೇಳಿದ್ದೆ, ಅವರು ಇನ್ನೂ ಹ್ಞೂಂಗುಡುತ್ತಿದ್ದರು.

ಚೆನ್ನಾಗಿದೆ ಎಂದು ಹೇಳೋಣವೆಂದು ತೋವಿನಕೆರೆಗೆ ಫೋನು ಮಾಡಿದೆ. ಎತ್ತಿದ್ದು ಅವಳ ತಾಯಿ. "ಫೋಟೊ ಕಳಿಸಿದೋಳು ಅಲ್ಲೇ ಮಿಷನ್ ಪಕ್ಕ ಒರಗವಳೆ ಕಣಮ್ಮ. ಅನ್ನ ಮೊಸರು ಕಲೆಸಿಕೊಟ್ಟೆ, ಎರಡು ತುತ್ತು ತಿಂದ್ಲು, ತಟ್ಟೆ ಕೈಯಲ್ಲೇ ಐತೆ. ಎಬ್ಬಿಸಲಾ?"

ಬೇಡ ಅಂದೆ. ತಟ್ಟೆ ಮಾತ್ರ ತೆಗೆದಿಡಿ ಅಂದೆ.